ಬುಧವಾರದ ಗೃಹಪ್ರವೇಶ

ಈ ಭಾನುವಾರ ಬೆಟ್ಟಕ್ಕೆ ಹೋಗೋಣ ಎಂದು ಅವನು ತಾನಾಗಿಯೇ ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದ ಗಂಡ, ಹೆಂಡತಿಯ ಜೊತೆ ತರಕಾರಿ ಅಂಗಡಿಗೂ ಬಂದವನಲ್ಲ. ಬೇರೆಯಾಗೋಣ ಎಂದು ಅವಳು ಹೇಳಿದ ಮೇಲಂತೂ ಮಾತೇ ನಿಂತುಹೋಗಿತ್ತು.

“ಬೆಳಗಾಗೋದ್ರೊಳಗೆ ಮೇಲಿರ್ಬೇಕು. ಮಂಜಲ್ಲಿ ಪಕ್ಕದವ್ರೂ ಕಾಣಲ್ಲ, ಚೆನ್ನಾಗಿರುತ್ತೆ.”

“ಕಂಬಿ ಹಾಕಿರೋ ಕಡೆನೇ ನಿಲ್ಲೋಣ. ನಂಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ.”

“ಅಲ್ಲಿ ಅರ್ಧ ಬೆಂಗಳೂರೇ ಬಂದು ನಿಂತಿರುತ್ತೆ. ಹಿಂದ್ಗಡೆ ಒಂದು ಬಂಡೆ ಇದೆ, ಯಾರೂ ಬರಲ್ಲ. ನಾನು ಕೈ ಹಿಡ್ಕೊಂಡಿರ್ತೀನಲ್ಲ.”

ಕೈ ಹಿಡಿದುಕೊಳ್ಳುತ್ತಾನಂತೆ. ಅವಳಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಮನುಷ್ಯ ಬದಲಾಗಿದ್ದಾನೇನೋ, ಇನ್ನೊಂದು ಸಲ ನೋಡೋಣ ಎಂದುಕೊಳ್ಳುತ್ತ ಚಿತ್ರಾನ್ನಕ್ಕೆ ನಿಂಬೆಹಣ್ಣು ಎತ್ತಿಟ್ಟಳು. ಅವನ ಹಳೆಯ ಸ್ವೆಟರನ್ನೂ ಹುಡುಕಿ ಬಿಸಿಲಿಗೆ ಹಾಕಿದಳು.

ಸಂಜೆ ಅವನ ಅಕ್ಕನ ಫೋನು ಬಂತು. ಬೆಟ್ಟಕ್ಕೆ ಹೋಗಿ ಬಂದ ಮೇಲೆ, ಬುಧವಾರ, ಅಕ್ಕನ ಹೊಸ ಮನೆಯ ಗೃಹಪ್ರವೇಶವಿತ್ತು. ಅವನು ಫೋನು ಹಿಡಿದು ಬಾಲ್ಕನಿಗೆ ಹೋದ. ಕಾಫಿ ಕೊಡಲು ಬಂದ ಅವಳು ಅವನ ಬೆನ್ನ ಹಿಂದೆ ಬಾಗಿಲಲ್ಲೇ ನಿಂತಳು. ಅಕ್ಕನ ದನಿ ದೊಡ್ಡದು, ಅಲ್ಲಿಗೂ ಕೇಳುತ್ತಿತ್ತು.

“ನೀವಿಬ್ರೂ ಹಿಂದಿನ ದಿನಾನೇ ಬಂದ್ಬಿಡಿ. ಹೊಸ್ತಿಲ ಪೂಜೆಗೆ ನೀನೇ ನಿಂತ್ಕೋಬೇಕಪ್ಪ.”

“ನಾನು ಆ ಹೊಸ್ತಿಲು ದಾಟೋ ಹಾಗಿಲ್ಲಕ್ಕ,” ಎಂದ ಅವನು ಮೆಲ್ಲಗೆ. “ಬುಧವಾರ ನಂಗೆ ಸೂತಕ ಇರುತ್ತೆ.”