ಕೂತು ಕೇಳುವ ಮೂರು ದಿನ

ಫೋನು ಹಿಡಿದು ಆಲ್ಸೀಡ್ ಮೂರನೇ ಸಲ ಹಿತ್ತಲಿಗೆ ಹೋದಾಗ, ಅವನ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಪ್ರವಾಸದ ಪಟ್ಟಿ ಬರೆಯುತ್ತಿದ್ದ ಒಡೆಟ್ ಪೆನ್ನು ಕೆಳಗಿಟ್ಟಳು. ಶಿಕಾಗೊದ ಸಂಗೀತದ ಕ್ಲಬ್ಬುಗಳು ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತವೆ ಎಂದು ಕೇಳುವುದಕ್ಕೆ ಹಿತ್ತಲು ಯಾಕೆ ಬೇಕು? ಮದುವೆಯಾಗಿ ಇನ್ನೂ ಒಂಬತ್ತು ದಿನ. ಇಷ್ಟು ಬೇಗ ಗುಟ್ಟು ಶುರುವಾಯಿತೇ ಎಂದು ಅವಳಿಗೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಯಿತು.

ಶಿಕಾಗೊದಲ್ಲಿ ಹನಿಮೂನಿಗೆ ಸಿಕ್ಕಿದ್ದು ಮೂರೇ ದಿನ. ನ್ಯೂ ಆರ್ಲಿಯನ್ಸಿನವರೆಂದರೆ ಊಟ ಮಾಡುತ್ತಲೇ ಮುಂದಿನ ಊಟದ ಮಾತಾಡುವ ಜನ. ಇವರಿಬ್ಬರ ಪಟ್ಟಿಯಲ್ಲಿ ಸರೋವರ, ಮ್ಯೂಸಿಯಂ ಎಲ್ಲಿಂದ ಬರಬೇಕು? ಹಗಲೆಲ್ಲ ತಿನ್ನುವುದು, ಸಂಜೆಯೆಲ್ಲ ಸಂಗೀತ ಕೇಳುವುದು, ಅಷ್ಟೇ. ಷರತ್ತು ಮಾತ್ರ ಇಬ್ಬರೂ ಸೇರಿ ಹಾಕಿಕೊಂಡದ್ದು: ಅವನು ಟ್ರೊಂಬೋನ್ ಊದಬಾರದು, ಅವಳು ಯಾವ ಅಡುಗೆಮನೆಗೂ ಕಾಲಿಡಬಾರದು. ಅವನು ಬ್ಯಾಂಡಿನವನು, ಅವಳು ಹೋಟೆಲಿನಲ್ಲಿ ಅಡುಗೆ ಮಾಡುವವಳು. ಮದುವೆಗೆ ಮುಂಚಿನ ನಾಲ್ಕು ವರ್ಷದ ಓಡಾಟದಲ್ಲಿ ಒಂದು ದಿನವೂ ಒಂದೇ ಮೇಜಿಗೆ ಕೂತು, ಬಿಸಿ ಬಿಸಿ ತಿನ್ನುತ್ತಾ, ಒಂದು ಹಾಡು ಪೂರ್ತಿ ಕೇಳಿದ್ದಿಲ್ಲ. ಹಾಡಿರುವಾಗ ಅವನು ವೇದಿಕೆಯ ಮೇಲೆ, ಊಟವಿರುವಾಗ ಅವಳು ಒಲೆಯ ಮುಂದೆ. "ಈ ಮೂರು ದಿನ ಆದ್ರೂ ಗಂಡ ಹೆಂಡತಿ ಥರ ಪಕ್ಕಪಕ್ಕ ಕೂರೋಣ" ಎಂದಿದ್ದವಳು ಒಡೆಟ್.

ಅವಳು ಎದ್ದು ಅವನ ಸೂಟ್‌ಕೇಸ್ ತೆರೆದಳು. ಎರಡನೇ ಕಾಲುಚೀಲದಲ್ಲಿ ಸಿಕ್ಕಿತು, ಟ್ರೊಂಬೋನಿನ ತುದಿಗೆ ಸಿಕ್ಕಿಸಿ ಊದುವ ಪುಟ್ಟ ಮೌತ್‌ಪೀಸ್. ಊದುವವರ ಬುದ್ಧಿ ಆ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ವಾದ್ಯ ಹೋದಲ್ಲಿ ಕಡ ಸಿಗುತ್ತದೆ, ತುಟಿಗೆ ಇಡುವುದು ಮಾತ್ರ ತನ್ನದೇ ಆಗಬೇಕು.

ಆಲ್ಸೀಡ್ ಒಳಗೆ ಬಂದಾಗ ಅದು ಮೇಜಿನ ಮೇಲೆ, ಪಟ್ಟಿಯ ನಡುವೆ ಕೂತಿತ್ತು.

"ಕ್ಲಬ್ಬಲ್ಲಿ ಹೊರಗಿನವರನ್ನ ನುಡಿಸೋಕೆ ಬಿಡೋದು ಯಾವ ದಿನ ಅಂತ ನೀನು ಕೇಳ್ತಿದ್ದೆ, ಅಲ್ವಾ?" ಎಂದಳು ಒಡೆಟ್.

"ಸುಮ್ನೆ ಕೇಳ್ದೆ ಕಣೇ. ತಿಳ್ಕೊಂಡಿದ್ರೆ ಒಳ್ಳೇದಲ್ವಾ."

"ಯಾವ ದಿನವಂತೆ?"

"ಮೂರೂ ದಿನ" ಎಂದು ಅವನು ನೆಲ ನೋಡಿದ. ಆಮೇಲೆ ಪಟ್ಟಿಯನ್ನು ಎತ್ತಿಕೊಂಡ. "ಅದಿರ್ಲಿ. ಈ ರಿಬ್ಸ್ ಮಾಂಸದ ಅಂಗಡಿ ತೆರೆಯೋದು ಹನ್ನೊಂದಕ್ಕೆ. ನಾವ್ಯಾಕೆ ಬೆಳಿಗ್ಗೆ ಆರಕ್ಕೆ ಹೋಗ್ತಿದೀವಿ?"

ಒಡೆಟ್ ಪಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಆರಕ್ಕೆ ಮಾಂಸಕ್ಕೆ ಹೊಗೆ ಹಾಕೋಕೆ ಶುರು ಮಾಡ್ತಾರೆ, ಅದಕ್ಕೇ ತಾನೇ? ಮತ್ತೆ ನಿನ್ನ ಬೂಟಿನ ಕೆಳಗೆ ಟವೆಲಲ್ಲಿ ಸುತ್ತಿಟ್ಟಿರೋ ಚಾಕು, ಅದೇನು ಸೇಬು ಹೆಚ್ಚೋಕಾ?"

"ನನ್ನ ಪೆಟ್ಟಿಗೆ ಯಾಕೆ ಮುಟ್ಟಿದೆ?"

"ಕಾಲುಚೀಲ ಬಚ್ಚಿಡೋಕೆ ಜಾಗ ಇದೆಯಾ ಅಂತ ನೋಡ್ದೆ."

ಒಲೆಯ ಮುಂದಿದ್ದ ಅರ್ನೆಸ್ಟೀನ್ ಅಜ್ಜಿ ನಕ್ಕರು. ಆಲ್ಸೀಡನ ಅಜ್ಜಿ ಅವರು; ಡ್ರಮ್ ಬಾರಿಸುತ್ತಿದ್ದ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಸೋಮವಾರವಾದ್ದರಿಂದ ಆ ಊರಿನ ರೂಢಿಯಂತೆ ಬೆಳಿಗ್ಗೆಯಿಂದ ಕೆಂಪು ಬೀನ್ಸ್ ಕಾಳು ಬೇಯುತ್ತಿತ್ತು.

"ಮದುವೆ ದಿನಾನೂ ನಿಮ್ಮದು ಇದೇ ಕಥೆ" ಎಂದರು ಅಜ್ಜಿ. "ಮೆರವಣಿಗೆ ಹೊರಟಿದ್ದೇ ತಡ, ಮದುಮಗ ಯಾರದೋ ಟ್ರೊಂಬೋನ್ ಕಿತ್ಕೊಂಡು ಬ್ಯಾಂಡಿಗೆ ಸೇರ್ಕೊಂಡ. ಮದುಮಗಳು ಗಂಬೋ ಸಾರು ನೀರಾಗಿದೆ ಅಂತ ಅಡುಗೆಮನೆಗೆ ಓಡಿದ್ಳು. ಮದುಮಗಳು ಹಿಡೀಬೇಕಾದ ಬಿಳಿ ಛತ್ರಿ ಹಿಡ್ಕೊಂಡು ಮುಂದೆ ಕುಣಿದೋಳು ಯಾರು? ಈ ಮುದುಕಿ. ನೋಡಿದೋರೆಲ್ಲ ನನಗೇ ಶುಭಾಶಯ ಹೇಳಿದ್ರು."

ಅಜ್ಜಿ ಬಂದು ಮೇಜಿನ ಮೇಲಿದ್ದ ಮೌತ್‌ಪೀಸನ್ನೂ ಪೆಟ್ಟಿಗೆಯಲ್ಲಿದ್ದ ಚಾಕುವನ್ನೂ ತೆಗೆದುಕೊಂಡು ಹೋಗಿ ದೊಡ್ಡ ಹಿಟ್ಟಿನ ಡಬ್ಬಿಗೆ ಹಾಕಿದರು. ಮುಚ್ಚಳ ಹಾಕಲಿಲ್ಲ. "ಶಿಕಾಗೊ ಆಮೇಲೆ ನೋಡೋಣ. ಮೊದಲು ಇಲ್ಲಿ ಕೂತು ತೋರಿಸಿ, ಒಂದೇ ಒಂದು ಹಾಡು. ಕೂತ್ರೆ ಡಬ್ಬಿ ಮುಚ್ಚಿಡ್ತೀನಿ. ಆಗ್ಲಿಲ್ವೋ, ಎರಡೂ ತಗೊಂಡು ಹೋಗಿ. ಒಬ್ಬರು ವೇದಿಕೆ ಮೇಲೆ, ಒಬ್ಬರು ಒಲೆ ಮುಂದೆ ಹನಿಮೂನ್ ಮಾಡ್ಕೊಳ್ಳಿ."

ಎರಡು ತಟ್ಟೆಯಲ್ಲಿ ಅನ್ನ, ಮೇಲೆ ಹಬೆಯಾಡುವ ಕಾಳು ಬಂತು. ತಾತನ ಹಳೆಯ ರೆಕಾರ್ಡು ತಿರುಗತೊಡಗಿತು. ಡ್ರಮ್ ತಾತನದೇ. ಅರ್ಧ ನಿಮಿಷದಲ್ಲಿ ಆಲ್ಸೀಡನ ಬಲಗೈ ಟ್ರೊಂಬೋನಿನ ಕೊಳವೆ ಎಳೆಯುವಂತೆ ಮೇಜಿನ ಮೇಲೆ ಹಿಂದೆ ಮುಂದೆ ಜಾರತೊಡಗಿತು. ಒಡೆಟ್ ಒಂದು ಚಮಚ ಬಾಯಿಗಿಟ್ಟು, "ಅಜ್ಜೀ, ಇದಕ್ಕೆ ಸ್ವಲ್ಪ..." ಎಂದು ಏಳಹೋದಳು.

"ನೀನು ಕೂತ್ಕೊ. ನೀನು ಕೈ ಕೆಳಗಿಡು" ಎಂದರು ಅಜ್ಜಿ.

ಇಬ್ಬರೂ ಬೈಸಿಕೊಂಡ ಶಾಲೆಯ ಮಕ್ಕಳ ಹಾಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಒಡೆಟ್ ಕೇಳಿದಳು: "ತಾತ ನಿಮ್ಮ ಜೊತೆ ಹೀಗೆ ಕೂರ್ತಿರ್ಲಿಲ್ವಾ ಅಜ್ಜಿ?"

"ನಲವತ್ತೊಂದು ವರ್ಷ ಅವರು ಬಾರಿಸಿದ್ದು ಕೇಳಿದೀನಿ. ಬಾರಿಸುವಾಗಿನ ಮುಖ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೂತು ಕೇಳಿದ್ದು ಮಾತ್ರ ನೋಡೇ ಇಲ್ಲ." ಅಜ್ಜಿ ಸೌಟು ಕೈಗೆತ್ತಿಕೊಂಡರು. "ಕೇಳುವಾಗ ಅವರ ಮುಖ ಹೇಗಿರ್ತಿತ್ತು ಅಂತ ನಂಗೆ ಗೊತ್ತಾಗ್ಲೇ ಇಲ್ಲ ಮಗಳೇ." ಇಷ್ಟು ಹೇಳಿ ಒಲೆಯ ಕಡೆ ತಿರುಗಿಬಿಟ್ಟರು.

ಒಡೆಟ್ ಚಮಚ ಕೆಳಗಿಟ್ಟು ಪಕ್ಕಕ್ಕೆ ತಿರುಗಿದಳು. ಆಲ್ಸೀಡ್ ಕಣ್ಣು ಮುಚ್ಚಿದ್ದ. ಅವನ ಕೈ ತೊಡೆಯ ಮೇಲೆ ಸುಮ್ಮನಿತ್ತು. ತಾತನ ಪೆಟ್ಟು ಬಿದ್ದಾಗಲೆಲ್ಲ ಅವನ ಎಡ ಹುಬ್ಬು ಒಂದಿಷ್ಟು ಮೇಲೇರಿ, ಯಾರೋ ಒಳ್ಳೆಯ ಸುದ್ದಿ ಹೇಳುತ್ತಿರುವಂತೆ ಬಾಯಿ ಅರ್ಧ ತೆರೆಯುತ್ತಿತ್ತು. ನಾಲ್ಕು ವರ್ಷದಲ್ಲಿ ಈ ಮುಖವನ್ನು ಅವಳು ಕಂಡೇ ಇರಲಿಲ್ಲ.

"ತಿನ್ನು, ಆರಿಹೋಗುತ್ತೆ" ಎಂದ ಅವನು, ಕಣ್ಣು ತೆರೆಯದೆ.

"ಇರು ಸ್ವಲ್ಪ."

ಹಾಡು ಮುಗಿಯಿತು. ಇಬ್ಬರಲ್ಲಿ ಒಬ್ಬರೂ ಎದ್ದಿರಲಿಲ್ಲ. ಅಜ್ಜಿ ಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಮೆಲ್ಲಗೆ ಕೇಳಿದರು:

"ಹೇಗಿರುತ್ತೆ ಮಗಳೇ, ಮುಖ?"