ಸುರಂಗದ ಕಣ್ಣು

ಕ್ಯಾಮರಾ ಇವತ್ತೂ ಅಲ್ಲೇ ನೇತಾಡುತ್ತಿತ್ತು.

ಪದ್ಮಯ್ಯ ಸುರಂಗದ ಬಾಯಲ್ಲಿ ಬಗ್ಗಿ, ಅದರ ಕಣ್ಣೆದುರು ಕೊಡ ಎತ್ತಿ ತೋರಿಸಿದರು. ನೀರಿಗೆ ಬಂದವನು, ಬೇರೆ ಉದ್ದೇಶವಿಲ್ಲ. ಬೀಡಿ ಕಟ್ಟು ಕೊಡದೊಳಗಿತ್ತು.

ಅಜ್ಜ ನೀರಿಗಾಗಿ ಗುಡ್ಡ ಕೊರೆಸಿದ್ದ ಈ ಸುರಂಗ ಬಿಟ್ಟರೆ ಮಂಡೆಕೋಲು ಊರಿನಲ್ಲಿ ಅವರಿಗೆ ಬೀಡಿ ಸೇದಲು ಜಾಗ ಉಳಿದಿರಲಿಲ್ಲ. ಹೋದ ವರ್ಷ ಕೆಮ್ಮು ಜೋರಾದಾಗ ಡಾಕ್ಟರು, "ಈಗ ಬಿಟ್ಟರೆ ಬದುಕಿದಿರಿ" ಎಂದಿದ್ದರು. ಹೆಂಡತಿ ಕಮಲಾವತಿಯ ತಲೆ ಮುಟ್ಟಿ ಪದ್ಮಯ್ಯ ಬಿಟ್ಟೂ ಬಿಟ್ಟರು. ಬಿಟ್ಟದ್ದು ಜಗಲಿಯಲ್ಲಿ ಸೇದುವುದನ್ನು.

ಆಮೇಲೆ ಕಮಲಾವತಿಯ ತಮ್ಮನ ಮಗಳು ಭವಿತಾ ಬಂದಳು. ಎಂಎಸ್ಸಿ ಓದುವ ಹುಡುಗಿ. ಅತ್ತೆಯೊಡನೆ ಸುರಂಗಕ್ಕೆ ಹೋಗಿ, ಮೊಳೆ ಹೊಡೆದು, ಸಣ್ಣ ತೂತಿನ ಕರಿ ಡಬ್ಬಿ ತೂಗಿಸಿದಳು.

"ಅದೆಂತದು?"

"ಮುಟ್ಬೇಡಿ ಮಾವ. ಒಳಗೆ ಎಂತ ಉಂಟು ಅಂತ ಮೂರು ತಿಂಗಳಲ್ಲಿ ಗೊತ್ತಾಗ್ತದೆ."

"ಹೌದು, ಎಲ್ಲ ಗೊತ್ತಾಗ್ತದೆ," ಕಮಲಾವತಿ ನಕ್ಕರು.

ಎಂಥ ಮೂರ್ಖನಿಗೂ ಅರ್ಥವಾಗುವ ಮಾತು. ಪದ್ಮಯ್ಯನವರಿಗೆ ತಕ್ಷಣ ಅರ್ಥವಾಯಿತು.

ಕ್ಯಾಮರಾ ದಾಟಿ ಸುರಂಗದ ಒಳತಿರುವಿಗೆ ಹೋಗತೊಡಗಿದರು. ಗಾಳಿಯಾಡದ ಕಗ್ಗತ್ತಲೆ, ಹೊಗೆಯೂ ಹೊರಗೆ ಬಾರದು. ಗೋಡೆಯ ಕೆಂಪು ಮಣ್ಣು ಹತ್ತೀತೆಂದು ಅಂಗಿ ಬಿಚ್ಚಿ, ತಡಕಾಡಿದಾಗ ಸಿಕ್ಕಿದ ಮೊಳೆಗೆ ಹಾಕುತ್ತಿದ್ದರು. ಆ ಮೊಳೆ ಹೊಡೆದ ಪುಣ್ಯಾತ್ಮನ ಹೆಸರಿನಲ್ಲಿ ಒಂದು ಬೀಡಿ ಹೆಚ್ಚೇ ಸೇದಿದರು. ಇಷ್ಟು ಬುದ್ಧಿ ಶಾಲೆಯಲ್ಲಿ ಓಡಿದ್ದರೆ ಏಳನೆಯದಾದರೂ ಪಾಸಾಗುತ್ತಿದ್ದೆ ಎಂದು ತಮ್ಮಷ್ಟಕ್ಕೆ ತಾವೇ ನಕ್ಕರು. ಒಂದು ದಿನ ಅಂಗಿಯ ಗುಂಡಿ ಕಾಣೆಯಾಯಿತು. ಬಸ್ಸಿನಲ್ಲಿ ಉದುರಿತೆಂದು ಹೆಂಡತಿಗೆ ಹೇಳಿದರು.

ಮೂರು ತಿಂಗಳಾಯಿತು. ಭವಿತಾ ಡಬ್ಬಿ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬಂದಳು.

"ಎಂತ ಕಂಡಿತು?" ಅವಳು ಕೂರುವ ಮೊದಲೇ ಪದ್ಮಯ್ಯ ಕೇಳಿದರು.

"ಕಾಣುದೆಂತ ಮಾವ? ಅದು ರೇಡಾನ್ ಅಳೆಯುದು. ಕಲ್ಲು ಮಣ್ಣಿಂದ ಬರುವ ಗ್ಯಾಸ್. ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಹೋಗಿ ಹೋಗಿ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಬೀಡಿಯೂ ಸೇರಿದ್ರೆ ಒಂದು ಒಂದು ಎರಡಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ."

ಕ್ಯಾಮರಾ ಅಲ್ಲ! ಪದ್ಮಯ್ಯನವರಿಗೆ ಹೋದ ಜೀವ ಬಂತು. "ನಮ್ಮದರಲ್ಲಿ ಉಂಟಾ?"

"ಸುರಂಗದ ಬಾಯಲ್ಲಿ ಗಾಳಿ ಆಡ್ತದೆ, ಕಡಿಮೆ. ಒಳತಿರುವಿನಲ್ಲಿ ವಿಪರೀತ."

"ಒಳಗಿನದ್ದು ನಿನಗೆ ಹೇಗೆ ಗೊತ್ತು?"

"ಅಲ್ಲಿಯೂ ಒಂದು ಮೊಳೆ ಹೊಡೆದು ಡಬ್ಬಿ ತೂಗಿಸಿದ್ದೆ." ಅವಳು ಚೀಲದಿಂದ ಏನನ್ನೋ ತೆಗೆದು ಅತ್ತೆಯ ಅಂಗೈಯಲ್ಲಿಟ್ಟಳು. "ಅದರ ಕೊಕ್ಕೆಗೆ ಇದು ಸಿಕ್ಕಿಕೊಂಡಿತ್ತು."

ಕಮಲಾವತಿ ಅದನ್ನು ತಿರುಗಿಸಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ಸೂಜಿ ಹುಡುಕಿದರು.

"ಅಂಗಿ ಕೊಡಿ ಮಾರಾಯ್ರೆ, ಬಸ್ಸಿನಲ್ಲಿ ಬಿದ್ದ ಗುಂಡಿ ಸಿಕ್ಕಿತು, ಹೊಲಿದ ಕೂಡ್ಲೇ ಡಾಕ್ಟ್ರಲ್ಲಿಗೆ ಹೋಗುವ."