ಒಂದು ಎಂಜಿನ್

ಮೀನುಗಾರರ ಸೊಸೈಟಿಯಿಂದ ಮನೆಗೊಂದು ಉಚಿತ: ಅಲ್ಯೂಮಿನಿಯಂ ದೋಣಿ, ಇಲ್ಲವೇ ಎಂಜಿನ್. ಬರೆಸಿದ ಮೇಲೆ ಬದಲಾಯಿಸುವಂತಿಲ್ಲ. ಗುಮಾಸ್ತನ ಮುಂದೆ ಕೊನೆಗೆ ಬಂದವಳು ಅಕ್ಕಣಿ. ಅವಳ ಮಗ ಅಂಗಳದಲ್ಲಿ, ಹಲಸಿನ ಹಣ್ಣು ಬಡಿದು ನೋಡುವಂತೆ, ಒಂದೊಂದೇ ದೋಣಿ ಬಡಿದು ನೋಡುತ್ತಿದ್ದ.

“ಎಂಜಿನ್ ಬರೀರಿ.”

“ಮಗನ ಕಣ್ಣು ದೋಣಿ ಮೇಲೆ ಉಂಟಲ್ಲ ಅಕ್ಕಾ?”

“ನೀವು ಎಂಜಿನ್ ಬರೀರಿ ಮಾರಾಯ್ರೆ.”

ಗುಮಾಸ್ತ ಬರೆದ, ಹೆಬ್ಬೆಟ್ಟು ಒತ್ತಿಸಿಕೊಂಡ. ಆಮೇಲೆ ಕೇಳಿದ: “ನಿಮ್ಮ ದೋಣಿ ಎಲ್ಲುಂಟು?”

“ಕಡಲಡಿಯಲ್ಲಿ. ಇವನ ಅಪ್ಪ, ಅಣ್ಣ ಅದರಲ್ಲೇ ಹೋದದ್ದು.”

ಗುಮಾಸ್ತ ಪೆನ್ನು ಕೆಳಗಿಟ್ಟ. “ಹಾಗಾದ್ರೆ ಬರೀ ಎಂಜಿನ್ ಇಟ್ಕೊಂಡು ಎಂತ ಮಾಡ್ತೀರಿ?”

ಅಕ್ಕಣಿ ಕಿಟಕಿಯಾಚೆ ಮಗನನ್ನೇ ನೋಡುತ್ತಿದ್ದಳು.

“ಬರೀ ಎಂಜಿನ್ ಹಿಡ್ಕೊಂಡು ಯಾರೂ ಕಡಲಿಗೆ ಹೋಗುದಿಲ್ಲಲ್ಲ.”